ಮಕ್ಕಳ ಕಾಮಾಲೆ ಮತ್ತು ಅನುವಂಶೀಯತೆ

ವೈರಾಣುಗಳಿಂದುಂಟಾಗುವ ಯಕೃತ್ತಿನ ಉರಿಯೂತಕ್ಕೆ ಒಂದು ಮಗು ತೀವ್ರವಾಗಿ ತುತ್ತಾಗುವುದಕ್ಕೂ, ಅದೇ ಮನೆಯಲ್ಲಿ ಅದೇ ಕೊಡದ ನೀರನ್ನು ಕುಡಿದು ಬೆಳೆಯುವ ಮತ್ತೊಂದು ಮಗು ಏನೂ ಆಗದೆ ಉಳಿಯುವುದಕ್ಕೂ ಹುಟ್ಟಿನೊಡನೆ ಬಂದ ದೇಹಪ್ರಕೃತಿಯು ಎಷ್ಟರಮಟ್ಟಿಗೆ ಕಾರಣವೆಂಬ ವಿಚಾರವು ವೈದ್ಯಶಾಸ್ತ್ರ ತಳಿಶಾಸ್ತ್ರಗಳೆರಡಕ್ಕೂ ಸೇರಿದುದಾಗಿದೆ. ಇದಕ್ಕೆ ರೋಗಪ್ರವಣತೆಯೆಂದು ಹೆಸರು. ಪ್ರವಣತೆಯೆಂದರೆ ರೋಗವಲ್ಲ, ವೈರಾಣುವಿನ ಪ್ರವೇಶವಾಗದೆ ಯಾವ ವಂಶವಾಹಿಯೂ ಈ ಕಾಮಾಲೆಯನ್ನು ತರಲಾರದು. ಆದರೆ ವೈರಾಣು ಒಳಹೊಕ್ಕ ಮೇಲೆ ಅದು ಬೇಗನೆ ಹೊರದೂಡಲ್ಪಡುವುದೋ, ವರ್ಷಾನುಗಟ್ಟಲೆ ನೆಲೆನಿಲ್ಲುವುದೋ, ಅಪರೂಪವಾಗಿ ಕೆಲವೇ ದಿನಗಳಲ್ಲಿ ಯಕೃತ್ತನ್ನು ಸಂಪೂರ್ಣವಾಗಿ ಹಾಳುಗೆಡವುವುದೋ ಎಂಬುದನ್ನು ನಿರ್ಧರಿಸುವ ಹಲವು ಸಂಗತಿಗಳಲ್ಲಿ ವಂಶವಾಹಿಗಳೂ ಒಂದು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ, ಹಿರಿಯೂರಿನಿಂದ ದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಐಮಂಗಲದ ಹೋಬಳಿಯನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದು ಹಲವು ಕಾರಣಗಳಿಂದ ಉಚಿತವಾಗಿದೆ. ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ನೀರು ದುರ್ಲಭ. ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರದ ನೀರು ಹಿರಿಯೂರು ಚಿತ್ರದುರ್ಗ ಪಟ್ಟಣಗಳಿಗೆ ಕೊಳವೆಗಳಲ್ಲಿ ಹರಿದುಬರುತ್ತದೆ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿಯು ದಕ್ಷಿಣದ ಇತರೆಡೆಗಳಲ್ಲಿರುವಂತೆ ಇಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಎಳೆಗೂಸನ್ನೂ ಕೆಲಕಾಲ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಆಚಾರವು ಇಂದು ಸಡಿಲವಾಗುತ್ತಿದ್ದರೂ ಪೂರ್ತಿಯಾಗಿ ಮರೆಯಾಗಿಲ್ಲ. ನೀರು, ರಕ್ತಸಂಬಂಧ, ಹೆರಿಗೆ ಎಂಬೀ ಮೂರು ಹಾದಿಗಳೂ ಮಕ್ಕಳ ಕಾಮಾಲೆಗೆ ಸಂಬಂಧಿಸಿದವುಗಳೇ ಆಗಿದ್ದು, ಇವು ಒಂದರೊಡನೊಂದು ಹೆಣೆದುಕೊಂಡಿರುವ ಕಡೆಯಲ್ಲಿ ಯಾವುದು ವಂಶದಿಂದ ಬಂದುದು, ಯಾವುದು ಸೋಂಕಿನಿಂದ ಬಂದುದು ಎಂದು ಬೇರ್ಪಡಿಸುವುದು ಎಷ್ಟು ಕಠಿಣವೋ ಅಷ್ಟೇ ಅವಶ್ಯಕವೂ ಆಗಿದೆ.

ಯಕೃತ್ತನ್ನೇ ಮುಖ್ಯವಾಗಿ ಹಿಡಿಯುವ ವೈರಾಣುಗಳು ಐದು. ಎ, ಬಿ, ಸಿ, ಡಿ, ಇ ಎಂದು ಅವುಗಳ ಹೆಸರು. ಎ ಮತ್ತು ಇ ವೈರಾಣುಗಳು ಮಲದಿಂದ ಕೆಟ್ಟ ನೀರು ಆಹಾರಗಳ ಮೂಲಕವೂ, ಬಿ, ಸಿ, ಡಿಗಳು ರಕ್ತ ಮುಂತಾದ ದೇಹದ್ರವಗಳ ಮೂಲಕವೂ ಹರಡುತ್ತವೆ. ಡಿ ವೈರಾಣುವು ಬಿ ಇಲ್ಲದೆ ಬದುಕಲಾರದು. ದೆಹಲಿಯಲ್ಲಿ 1955–56ರಲ್ಲಿ ಚರಂಡಿಯ ನೀರು ಯಮುನೆಯ ಮೂಲಕ ಕುಡಿಯುವ ನೀರಿಗೆ ಸೇರಿ ಸುಮಾರು 29,000 ಜನಕ್ಕೆ ಕಾಮಾಲೆಯಾಯಿತು. ಅದು ಇ ವೈರಾಣುವಿನ ಕೃತ್ಯವೆಂದು ತಿಳಿದುದು ದಶಕಗಳ ಅನಂತರ. ಎ ವೈರಾಣುವಿನ ಸ್ವಭಾವ ವಿಚಿತ್ರ: ಆರು ವರ್ಷದೊಳಗಿನ ಮಕ್ಕಳಲ್ಲಿ ಬಹುಪಾಲಿಗೆ ಕಣ್ಣು ಹಳದಿಯಾಗದೆಯೇ ಸೋಂಕು ಬಂದು ಹೋಗುತ್ತದೆ, ದೊಡ್ಡವರಲ್ಲಿ ಬಹುಪಾಲಿಗೆ ಕಾಮಾಲೆ ತಲೆದೋರುತ್ತದೆ. ಆದುದರಿಂದ ವಂಶವಾಹಿಯ ಮಾತನ್ನೆತ್ತುವ ಮೊದಲು ಮಗುವಿನ ವಯಸ್ಸನ್ನು ಕೇಳಬೇಕಾದುದು ವೈದ್ಯನ ಪ್ರಥಮ ಕರ್ತವ್ಯ.

ವಂಶಕ್ಕೂ ಸೋಂಕಿಗೂ ನಡುವಿನ ಗೆರೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಬಿ ವೈರಾಣುವಿನ ಶೋಧದ ಚರಿತ್ರೆಯೇ ತೋರಿಸುತ್ತದೆ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗರು ವೈರಾಣುವನ್ನು ಹುಡುಕುತ್ತಿದ್ದವರಲ್ಲ. ಜನಾಂಗಗಳ ನಡುವೆ ರಕ್ತದ್ರವದ ಪ್ರೋಟೀನುಗಳಲ್ಲಿ ಕಾಣುವ ವಂಶಾನುಗತ ವ್ಯತ್ಯಾಸಗಳನ್ನು ಅವರು ಪರಿಶೀಲಿಸುತ್ತಿದ್ದರು. ಹಲವು ಸಲ ರಕ್ತ ಪಡೆದಿದ್ದ ರಕ್ತಸ್ರಾವರೋಗಿಯೊಬ್ಬನ ದ್ರವವು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ದ್ರವದೊಡನೆ ಪ್ರತಿಕ್ರಿಯಿಸಿದುದನ್ನು ಕಂಡು, ಆ ಹೊಸ ವಸ್ತುವನ್ನು ಆಸ್ಟ್ರೇಲಿಯಾ ಪ್ರತಿಜನಕವೆಂದು ಕರೆದು 1965ರಲ್ಲಿ ಪ್ರಕಟಿಸಿದರು. ಫಿಲಿಪ್ಪೀನ್ಸಿನ ಸೆಬು ದ್ವೀಪದ ಕುಟುಂಬಗಳಲ್ಲಿ ಅದು ಅಣ್ಣತಮ್ಮಂದಿರಲ್ಲಿಯೂ ತಾಯಿಮಕ್ಕಳಲ್ಲಿಯೂ ಒಟ್ಟೊಟ್ಟಿಗೆ ಕಂಡುಬಂದುದರಿಂದ, ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವ ಅಪ್ರಬಲ ವಂಶವಾಹಿಯೊಂದರ ಲಕ್ಷಣ ಇದಿರಬಹುದೆಂದು ಅವರು ಊಹಿಸಿದುದು ಅಂದಿನ ಮಟ್ಟಿಗೆ ಸಹಜವೇ ಆಗಿತ್ತು. ಆದರೆ 1966ರಲ್ಲಿ, ಡೌನ್ ಲಕ್ಷಣಕೂಟವಿದ್ದ ರೋಗಿಯೊಬ್ಬನ ರಕ್ತದಲ್ಲಿ ಹಿಂದಿನ ಪರೀಕ್ಷೆಯಲ್ಲಿ ಇಲ್ಲದಿದ್ದ ಈ ಪ್ರತಿಜನಕವು ಮುಂದಿನ ಪರೀಕ್ಷೆಯಲ್ಲಿ ಕಂಡುಬಂದಿತು. ಜೊತೆಗೆ ಅವನ ಯಕೃತ್ತು ಉರಿಯೂತಕ್ಕೆ ಗುರಿಯಾಗಿತ್ತು. ಹುಟ್ಟಿನಿಂದ ಬಂದ ಲಕ್ಷಣವು ನಡುವಿನಲ್ಲಿ ಬಂದು ಸೇರುವುದುಂಟೇ? ಆ ಪ್ರಶ್ನೆಯಿಂದಲೇ ಬಿ ವೈರಾಣುವಿನ ಹೊರಕವಚ ಬೆಳಕಿಗೆ ಬಂದಿತು. 1976ರಲ್ಲಿ ಬ್ಲಂಬರ್ಗರಿಗೆ ನೊಬೆಲ್ ಬಹುಮಾನ ದೊರೆಯಿತು; ಅವರ ಜನ್ಮದಿನವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ.

ಆ ಚರಿತ್ರೆಯಿಂದ ಕಲಿಯಬೇಕಾದ ಸಂಗತಿ ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತದೆ. ಒಂದು ಮನೆಯಲ್ಲಿ ಅಜ್ಜಿ, ತಾಯಿ, ಮಗ ಮೂವರಿಗೂ ಯಕೃತ್ತಿನ ಕಾಯಿಲೆಯಿದ್ದರೆ ‘ಇದು ನಮ್ಮ ವಂಶದ್ದು’ ಎಂದು ಹಿರಿಯರು ಹೇಳಿಬಿಡುವುದುಂಟು. ಆದರೆ ತಾಯಿಯ ಒಡಲಲ್ಲಿರುವ ಬಿ ವೈರಾಣುವು ಹೆರಿಗೆಯ ಸಮಯದಲ್ಲಿ ರಕ್ತದ ಮೂಲಕ ಕೂಸಿಗೆ ದಾಟುತ್ತದೆ. ಹಾಗೆ ಸೋಂಕು ತಗುಲಿದ ನವಜಾತ ಶಿಶುಗಳಲ್ಲಿ ನೂರಕ್ಕೆ ಸುಮಾರು 90 ಮಂದಿಯಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಈ ಪ್ರಮಾಣ 30ರ ಆಸುಪಾಸು, ಪ್ರಾಯದವರಲ್ಲಿ 5ಕ್ಕೂ ಕಡಮೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣ ಶಿಶುವಿನ ರೋಗನಿರೋಧ ವ್ಯವಸ್ಥೆಯ ಎಳಸುತನವೇ ಹೊರತು ಅದರ ವಂಶವಾಹಿಗಳಲ್ಲ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗುವಿಗೆ ಸೋಂಕು ಹೀಗೆ ಮೂರು ತಲೆಮಾರು ಇಳಿದುಬಂದಾಗ ಅದು ವಂಶಪಾರಂಪರ್ಯದ ವೇಷವನ್ನೇ ತೊಟ್ಟಿರುತ್ತದೆ. ಹಾಗೆ ತಿಳಿದು ಕೈಕಟ್ಟಿ ಕುಳಿತ ಮನೆಯಲ್ಲಿ ಚುಚ್ಚುಮದ್ದಿನಿಂದ ತಡೆಯಬಹುದಾಗಿದ್ದ ರೋಗವು ನಾಲ್ಕನೆಯ ತಲೆಮಾರಿಗೂ ಇಳಿಯುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ದುಃಖಕರವಾದ ತಪ್ಪುಗ್ರಹಿಕೆ ಮತ್ತೊಂದಿಲ್ಲ.

ಹಾಗೆಂದು ವಂಶವಾಹಿಗಳ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆರನೆಯ ವರ್ಣತಂತುವಿನ ಮೇಲಿರುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು ವೈರಾಣುವಿನ ತುಣುಕುಗಳನ್ನು ಜೀವಕೋಶದ ಮೇಲ್ಮೈಗೆ ತಂದು ರಕ್ಷಕ ಕೋಶಗಳಿಗೆ ಗುರುತು ಮಾಡಿಕೊಡುವ ಪ್ರೋಟೀನುಗಳನ್ನು ನಿರ್ಮಿಸುತ್ತದೆ. ಈ ಗುಂಪಿನಲ್ಲಿ ಮನುಷ್ಯರಿಂದ ಮನುಷ್ಯರಿಗಿರುವಷ್ಟು ವೈವಿಧ್ಯ ದೇಹದ ಬೇರಾವ ವಂಶವಾಹಿಯಲ್ಲಿಯೂ ಇಲ್ಲವೆನ್ನಬಹುದು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಪರೀಕ್ಷಿಸಿದ ಥರ್ಸ್ ಮತ್ತು ಸಂಗಡಿಗರು, ಡಿಆರ್‌ಬಿ1*1302 ಎಂಬ ರೂಪವುಳ್ಳವರು ಬಿ ವೈರಾಣುವನ್ನು ಹೆಚ್ಚು ಯಶಸ್ವಿಯಾಗಿ ಹೊರದೂಡುವರೆಂದು 1995ರಲ್ಲಿ ತಿಳಿಸಿದರು. 2009ರಲ್ಲಿ ಜಪಾನಿನ ಸಂಶೋಧಕರು ಜಪಾನ್ ಹಾಗೂ ಥಾಯ್ಲೆಂಡ್ ದೇಶಗಳ ರೋಗಿಗಳಲ್ಲಿ ಇಡೀ ವಂಶವಾಹಿ ಸಮುದಾಯವನ್ನೇ ಜಾಲಾಡಿ, ಎಚ್‌ಎಲ್‌ಎ-ಡಿಪಿ ವಂಶವಾಹಿಗಳ ಕೆಲವು ರೂಪಗಳಿಗೂ ಬಿ ಸೋಂಕು ನೆಲೆನಿಲ್ಲುವುದಕ್ಕೂ ಸಂಬಂಧವಿರುವುದನ್ನು ಕಂಡರು. ಬಿ ವೈರಾಣುವು ಯಕೃತ್ಕೋಶದೊಳಕ್ಕೆ ನುಗ್ಗಲು ಬಳಸುವ ದ್ವಾರವು ಪಿತ್ತಲವಣಗಳನ್ನು ಸಾಗಿಸುವ ಎನ್‌ಟಿಸಿಪಿ ಎಂಬ ಪ್ರೋಟೀನೆಂದು 2012ರಲ್ಲಿ ಬೀಜಿಂಗಿನಲ್ಲಿ ಗೊತ್ತಾಯಿತು. ಪೂರ್ವ ಏಷ್ಯದ ಕೆಲವರಲ್ಲಿ ಈ ದ್ವಾರದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದರಿಂದ ವೈರಾಣುವಿಗೆ ಪ್ರವೇಶ ದುಸ್ತರವಾಗಿದೆ.

ಸಿ ವೈರಾಣುವಿನ ಸಂಗತಿ ಬೇರೆ. ಐಎಲ್28ಬಿ ಎಂಬ ವಂಶವಾಹಿಯ ಸಮೀಪದಲ್ಲಿರುವ, ಡಿಎನ್‌ಎಯ ಒಂದು ಅಕ್ಷರದ ಭೇದವು ಸೋಂಕು ತಾನಾಗಿಯೇ ನೀಗುವುದರೊಡನೆ ನಿಕಟವಾಗಿ ಸಂಬಂಧಿಸಿದೆಯೆಂದು 2009ರಲ್ಲಿ ಸ್ಪಷ್ಟವಾಯಿತು. ಎರಡು ವರ್ಷಗಳ ತರುವಾಯ ಸ್ಪೇನಿನಲ್ಲಿ ತಾಯಿಮಕ್ಕಳನ್ನು ಒಟ್ಟಿಗೆ ಪರೀಕ್ಷಿಸಿದಾಗ, ಸೋಂಕು ದಾಟುವುದರ ಮೇಲೆ ಈ ಭೇದದ ಪ್ರಭಾವ ಕಾಣಲಿಲ್ಲ. ದಾಟಿದ ಮೇಲೆ ಅದನ್ನು ಕಳೆದುಕೊಳ್ಳುವ ಶಕ್ತಿಗೆ ಮಾತ್ರ ಮಗುವಿನ ಸ್ವಂತ ರೂಪವು ಸಂಬಂಧಿಸಿತ್ತು. ಸೋಂಕು ತಗಲುವುದೂ ಸೋಂಕು ಉಳಿಯುವುದೂ ಬೇರೆಬೇರೆ ಪ್ರಶ್ನೆಗಳೆಂಬುದಕ್ಕೆ ಇದಕ್ಕಿಂತ ಸ್ವಚ್ಛವಾದ ನಿದರ್ಶನ ದೊರೆಯದು.

ಎ ವೈರಾಣುವು ಸಾಮಾನ್ಯವಾಗಿ ಸೌಮ್ಯವಾದುದು; ದೇಹದಲ್ಲಿ ಶಾಶ್ವತವಾಗಿ ನೆಲೆಸುವುದಿಲ್ಲ; ಯಕೃತ್ತು ಸಂಪೂರ್ಣವಾಗಿ ಕುಸಿಯುವ ದುರಂತ ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಆ ಒಬ್ಬರಾರು, ಅವರೇ ಏಕೆ ಎಂಬ ಪ್ರಶ್ನೆಯಲ್ಲಿಯೇ ಅನುವಂಶೀಯತೆಯ ನಿಜವಾದ ಸ್ವಾರಸ್ಯವಿದೆ. ಅರ್ಜೆಂಟೀನದ ಮಕ್ಕಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈರಾಣುವು ಅಂಟಿಕೊಳ್ಳುವ ಟಿಮ್-1 ಎಂಬ ಪ್ರೋಟೀನಿನಲ್ಲಿ ಆರು ಅಮೈನೋ ಆಮ್ಲಗಳು ಹೆಚ್ಚಾಗಿರುವ ಉದ್ದನೆಯ ರೂಪವು ತೀವ್ರ ರೋಗಕ್ಕೆ ಗುರಿಯಾದವರಲ್ಲಿ ಅಧಿಕವಾಗಿ ಕಂಡುಬಂದಿತು; ಆ ರೂಪಕ್ಕೆ ವೈರಾಣುವು ಮತ್ತಷ್ಟು ಬಿಗಿಯಾಗಿ ಅಂಟುತ್ತಿತ್ತು. 2019ರಲ್ಲಿ ಪ್ರಕಟವಾದ ಮತ್ತೊಂದು ವರದಿ ನಮಗೆ ಇನ್ನೂ ಹತ್ತಿರದ್ದು. ಹನ್ನೊಂದು ವರ್ಷದ, ಅದುವರೆಗೆ ಆರೋಗ್ಯವಾಗಿದ್ದ ಹುಡುಗಿಯೊಬ್ಬಳು ಎ ವೈರಾಣುವಿನಿಂದ ಯಕೃತ್ತು ಕುಸಿದು ತೀರಿಕೊಂಡಳು; ಅವಳ ತಂದೆತಾಯಿಗಳು ರಕ್ತಸಂಬಂಧಿಗಳು. ವೈರಾಣುವನ್ನು ಎದುರಿಸಲು ದೇಹವು ಹೊರಡಿಸುವ ಇಂಟರ್‌ಲ್ಯೂಕಿನ್-18 ಎಂಬ ಸಂಕೇತವನ್ನು ಕೆಲಸ ಮುಗಿದ ಮೇಲೆ ಹಿಡಿದು ತಣಿಸುವ ಪ್ರೋಟೀನೊಂದುಂಟು. ಅದರ ವಂಶವಾಹಿಯ ಎರಡು ಪ್ರತಿಗಳೂ ಅವಳಲ್ಲಿ ಊನವಾಗಿದ್ದುವು. ವೈರಾಣುವಿಗಿಂತ ಮಿಗಿಲಾಗಿ, ಹದ್ದುಮೀರಿದ ಸ್ವಂತ ರಕ್ಷಣಾವ್ಯವಸ್ಥೆಯೇ ಅವಳ ಯಕೃತ್ಕೋಶಗಳನ್ನು ನಾಶಮಾಡಿತ್ತು.

ರಕ್ತಸಂಬಂಧದ ವಿವಾಹಗಳ ಮಾತು ಇಲ್ಲಿ ಬರುವುದು ಅನಿವಾರ್ಯ. 1980ರಿಂದ 1989ರವರೆಗೆ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹೆತ್ತ ತಾಯಂದಿರನ್ನು ವಿಚಾರಿಸಿ ಬಿಟಲ್ಸ್, ಅಪ್ಪಾಜಿರಾವ್ ಮೊದಲಾದ ವಿದ್ವಾಂಸರು ಸಂಗ್ರಹಿಸಿದ ಮಾಹಿತಿಯಲ್ಲಿ, ಹೆಚ್ಚುಕಡಿಮೆ ಮೂರು ಮದುವೆಗಳಲ್ಲೊಂದು ಒಳಸಂಬಂಧದ್ದಾಗಿತ್ತು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಎಂಟನೆಯ ಒಂದು ಪಾಲು ವಂಶವಾಹಿಗಳೂ, ಸೋದರತ್ತೆಯ ಮಗನನ್ನು ಮದುವೆಯಾದವಳ ಮಗುವಿನಲ್ಲಿ ಹದಿನಾರನೆಯ ಒಂದು ಪಾಲೂ ಒಂದೇ ಪೂರ್ವಜನಿಂದ ಎರಡು ಕಡೆಯಿಂದಲೂ ಬಂದಿರುವ ಸಂಭವವುಂಟು. ಸಾವಿರಕ್ಕೊಂದು ಪ್ರಮಾಣದಲ್ಲಿ ಜನರಲ್ಲಿ ಹಂಚಿಹೋಗಿರುವ ಊನವಾದ ವಂಶವಾಹಿಯೊಂದನ್ನು ತೆಗೆದುಕೊಂಡರೆ, ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಅದರ ಎರಡು ಪ್ರತಿಗಳೂ ಕೂಡುವುದು ಹತ್ತು ಲಕ್ಷಕ್ಕೊಮ್ಮೆ. ಅಕ್ಕನ ಮಗಳ ಮದುವೆಯಲ್ಲಿ ಸುಮಾರು 8,000ಕ್ಕೊಮ್ಮೆ. ಸೋದರಿಕೆಯ ಮಕ್ಕಳ ಮದುವೆಯಲ್ಲಿ ಸುಮಾರು 16,000ಕ್ಕೊಮ್ಮೆ. ಅನುಪಾತವಾಗಿ ನೋಡಿದರೆ ಈ ಏರಿಕೆ ಭೀಕರ. ಒಂದು ಮನೆಯ ಮಟ್ಟಿಗೆ ನೋಡಿದರೆ ಇನ್ನೂ ಅತಿವಿರಳ. ಎರಡನ್ನೂ ಒಟ್ಟಿಗೆ ಹೇಳದೆ ಒಂದನ್ನೇ ಹೇಳುವವರು ಕೇಳುವವರನ್ನು ದಾರಿತಪ್ಪಿಸುತ್ತಾರೆ. ಅಲ್ಲದೆ ಎಚ್‌ಎಲ್‌ಎ ಮುಂತಾದ ಸಾಮಾನ್ಯ ಪ್ರಭೇದಗಳ ಪ್ರಭಾವಕ್ಕೆ ಎರಡು ಪ್ರತಿಗಳೂ ಊನವಾಗಬೇಕೆಂಬ ನಿಯಮವಿಲ್ಲದುದರಿಂದ, ಹಳ್ಳಿಯ ಕಾಮಾಲೆಯನ್ನೆಲ್ಲ ಒಳಸಂಬಂಧದ ತಲೆಗೆ ಕಟ್ಟುವುದು ಶಾಸ್ತ್ರಸಮ್ಮತವೂ ಅಲ್ಲ, ನ್ಯಾಯವೂ ಅಲ್ಲ.

ಒಳಸಂಬಂಧವು ನಿಜವಾಗಿ ಲೆಕ್ಕಕ್ಕೆ ಬರುವುದು ವೈರಾಣುಜನ್ಯ ಕಾಮಾಲೆಯನ್ನು ಅನುಕರಿಸುವ ವಂಶಾನುಗತ ರೋಗಗಳಲ್ಲಿ. ಅವುಗಳಲ್ಲಿ ಪ್ರಧಾನವಾದುದು ವಿಲ್ಸನ್ನನ ರೋಗ. ಹದಿಮೂರನೆಯ ವರ್ಣತಂತುವಿನ ಎಟಿಪಿ7ಬಿ ಎಂಬ ವಂಶವಾಹಿ ಎರಡು ಕಡೆಯಿಂದಲೂ ಕೆಟ್ಟಿದ್ದಾಗ ಆಹಾರದ ತಾಮ್ರವು ಪಿತ್ತದೊಡನೆ ಹೊರಹೋಗದೆ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸಂಚಯವಾಗುತ್ತದೆ. ಎಂಟು ಹತ್ತು ವರ್ಷದ ಮಗುವಿಗೆ ಕಾಮಾಲೆ ಬಂದು, ಸಾಮಾನ್ಯ ಕಾಮಾಲೆಯೆಂದೇ ಔಷಧ ನಡೆದು, ಕಡೆಗೆ ಕೈನಡುಕ, ಮಾತಿನ ತೊದಲು ಕಾಣಿಸಿಕೊಂಡ ಮೇಲೆ ಬೆಂಗಳೂರಿನ ನಿಮ್ಹಾನ್ಸಿಗೆ ಕರೆದೊಯ್ಯುವ ಕುಟುಂಬಗಳುಂಟು. ಆ ಸಂಸ್ಥೆಯವರು ಮೂರು ದಶಕಗಳಲ್ಲಿ ತಾವು ಕಂಡ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಅಂಥ ಮನೆಯವರ ವಂಶವೃಕ್ಷ ಬರೆಯಲು ವೈದ್ಯರು ಮೊದಲು ಕೈಗೆತ್ತಿಕೊಳ್ಳುವುದು ಕಾಗದ ಪೆನ್ಸಿಲು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ದಂಪತಿಗಳ ನಡುವೆ ಒಂದು ಗೆರೆ. ಅವರು ಮೊದಲೇ ಸಂಬಂಧಿಗಳಾಗಿದ್ದರೆ ಜೋಡಿ ಗೆರೆ. ತೀರಿಹೋದವರ ಗುರುತಿನ ಮೇಲೆ ಓರೆಯಾದ ಗೀಟು. ‘ನಿಮ್ಮ ಯಜಮಾನರು ನಿಮಗೆ ಮೊದಲಿಂದ ಏನಾಗಬೇಕು?’ ಎಂದು ತಾಯಿಯನ್ನು ಕೇಳಿದಾಗ ಪಕ್ಕದಲ್ಲಿ ಕುಳಿತ ಅಜ್ಜಿಯೇ ‘ನನ್ನ ತಮ್ಮನಿಗೇ ಕೊಟ್ಟಿದ್ದು’ ಎಂದು ಉತ್ತರಿಸುತ್ತಾಳೆ. ಜೋಡಿ ಗೆರೆ ಬೀಳುತ್ತದೆ. ‘ಇವನ ಮೇಲಿನವನು ಕಾಮಾಲೆಯಲ್ಲಿ ಹೋದ’ ಎಂಬ ಇನ್ನೊಂದು ಮಾತಿಗೆ ಗೀಟು ಬೀಳುತ್ತದೆ. ಪೆನಿಸಿಲಮಿನ್, ಸತುವಿನ ಲವಣಗಳಂಥ ಔಷಧಗಳಿಂದ ಹತೋಟಿಗೆ ಬರುವ ರೋಗವಾದುದರಿಂದ ಉಳಿದ ಒಡಹುಟ್ಟಿದವರನ್ನು ಲಕ್ಷಣ ತೋರುವ ಮೊದಲೇ ಪರೀಕ್ಷಿಸಿದರೆ ಅವರನ್ನು ಉಳಿಸಿಕೊಳ್ಳಬಹುದು.

ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಗಂಡುಮಕ್ಕಳಿಗೆ ಎ ಅಥವಾ ಇ ವೈರಾಣು ತಗುಲಿದರೆ ಕೆಂಪು ರಕ್ತಕಣಗಳೂ ಒಡೆದು, ರಕ್ತದಲ್ಲಿನ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ನಿನ ಪ್ರಮಾಣವು ಡೆಸಿಲೀಟರಿಗೆ 30 ಮಿಲಿಗ್ರಾಮನ್ನೂ ದಾಟಿ, ಮೂತ್ರ ಕಪ್ಪಾಗಿ, ಮೂತ್ರಪಿಂಡಗಳಿಗೂ ಅಪಾಯವೊದಗುವುದುಂಟು. ಇಲ್ಲಿ ಯಕೃತ್ತಿನ ರೋಗ ಸೌಮ್ಯವಾಗಿದ್ದರೂ ವಂಶಾನುಗತವಾದ ರಕ್ತದೋಷವು ಚಿತ್ರವನ್ನೇ ಬದಲಿಸುತ್ತದೆ.

ವಂಶವಾಹಿಯೂ ವೈರಾಣುವೂ ಕೂಡಿಬಂದಾಗ ರೋಗವುಂಟಾಗಬಹುದೆಂಬುದಕ್ಕೆ ಈಚಿನ ನಿದರ್ಶನ 2022ರದು. ಆ ವರ್ಷದ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನಿಂದ, ‘ಎ’ಯಿಂದ ‘ಇ’ವರೆಗಿನ ಯಾವ ವೈರಾಣುವೂ ಇಲ್ಲದೆ ಎಳೆಯ ಮಕ್ಕಳಿಗೆ ತೀವ್ರ ಯಕೃತ್ತಿನ ಉರಿಯೂತ ಬರುತ್ತಿರುವ ಸುದ್ದಿ ಹೊರಟಿತು; ಜುಲೈ ತಿಂಗಳ ವೇಳೆಗೆ 35 ದೇಶಗಳಿಂದ ಸಾವಿರಕ್ಕೂ ಮಿಕ್ಕ ಪ್ರಕರಣಗಳು ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದುವು. ಗ್ಲ್ಯಾಸ್ಗೊ ಸಂಶೋಧಕರು 2023ರಲ್ಲಿ ಪ್ರಕಟಿಸಿದಂತೆ, ಪರೀಕ್ಷಿಸಿದ 32 ಮಕ್ಕಳಲ್ಲಿ 26 ಮಂದಿಯ ರಕ್ತದಲ್ಲಿ ನಿರುಪದ್ರವಿಯೆಂದೇ ಎಣಿಸಲಾಗಿದ್ದ ಎಎವಿ2 ಎಂಬ ವೈರಾಣುವಿತ್ತು. ವಂಶವಾಹಿ ಪರೀಕ್ಷೆಯಾದ 27 ಮಕ್ಕಳಲ್ಲಿ 25 ಮಂದಿಗೆ ಡಿಆರ್‌ಬಿ1*04:01 ಎಂಬ ಎಚ್‌ಎಲ್‌ಎ ರೂಪವಿತ್ತು. ಹೋಲಿಕೆಗೆ ತೆಗೆದುಕೊಂಡ 64 ಮಂದಿಯಲ್ಲಿ ಅದಿದ್ದುದು ಹತ್ತು ಮಂದಿಗೆ ಮಾತ್ರ. ಆ ರೂಪವುಳ್ಳ ಅಸಂಖ್ಯಾತ ಮಕ್ಕಳು ಏನೂ ಆಗದೆ ಆಡಿಕೊಂಡಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಪ್ರವಣತೆಯನ್ನು ಬದಲಿಸಲಾಗದಿದ್ದರೂ ರೋಗವನ್ನು ತಡೆಯಬಹುದೆಂಬುದು ಎರಡು ದೇಶಗಳ ಅನುಭವದಿಂದ ನಿಶ್ಚಿತವಾಗಿದೆ. ತೈವಾನಿನಲ್ಲಿ 1984ರಲ್ಲಿ ಶಿಶುಗಳಿಗೆ ಬಿ ಲಸಿಕೆ ಆರಂಭವಾದ ಮೇಲೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು. ಅರ್ಜೆಂಟೀನದಲ್ಲಿ 2005ರಲ್ಲಿ ಒಂದು ವರ್ಷದ ಮಕ್ಕಳಿಗೆಲ್ಲ ಎ ಲಸಿಕೆ ಒಂದೇ ಸಲ ಕೊಡಲಾರಂಭಿಸಿದ ಕೆಲವೇ ವರ್ಷಗಳಲ್ಲಿ, ಎ ವೈರಾಣುವಿನಿಂದ ಯಕೃತ್ತು ಕುಸಿದು ಕಸಿಗೆ ಬರುವ ಮಕ್ಕಳೇ ಇಲ್ಲವಾದರು. ಅಲ್ಲಿಯ ಜನರ ಟಿಮ್-1 ಹಾಗೆಯೇ ಉಳಿದಿತ್ತು. ಭಾರತದಲ್ಲಿ ಬಿ ಲಸಿಕೆಯು 2002–03ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2011–12ರ ವೇಳೆಗೆ ದೇಶಾದ್ಯಂತ ವಿಸ್ತರಿಸಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮಕ್ಕೆ ಚಾಲನೆ ದೊರೆಯಿತು. ಎ ಲಸಿಕೆ ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿಲ್ಲವಾದುದರಿಂದ, ಅದರ ಮಟ್ಟಿಗೆ ಬಡವರ ಮಕ್ಕಳಿಗೆ ಕುದಿಸಿ ಆರಿಸಿದ ನೀರು, ಶೌಚದ ಬಳಿಕ ಸೋಪಿನಿಂದ ತೊಳೆದ ಕೈ, ಚರಂಡಿಯಿಂದ ದೂರವಿರಿಸಿದ ನಲ್ಲಿಕೊಳವೆ ಇವೇ ರಕ್ಷೆ. ಕಾಮಾಲೆ ಬಂದಾಗ ಬಯಲುಸೀಮೆಯಲ್ಲಿ ನೆಲನೆಲ್ಲಿಯ ರಸ ಕುಡಿಸುವುದುಂಟು. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ಈ ಸಸ್ಯದಿಂದ ಬಿ ವೈರಾಣು ನೀಗುವುದೆಂದು ವರದಿ ಮಾಡಿದ್ದರೂ ಅನಂತರದ ಪರೀಕ್ಷೆಗಳಲ್ಲಿ ಆ ಫಲ ಸ್ಥಿರಪಡಲಿಲ್ಲ. ಮಗುವಿನ ಕೈಗೆ ಬರೆ ಹಾಕುವ ಪದ್ಧತಿಯಿಂದ ಮಾತ್ರ ನೋವಲ್ಲದೆ ಮತ್ತೇನೂ ಇಲ್ಲ, ಅದನ್ನು ಬಿಡಿಸಲೇಬೇಕು.

ಬಿ ಲಸಿಕೆಯ ಮೊದಲ ಅರ್ಧ ಮಿಲಿಲೀಟರು ಹುಟ್ಟಿದ 24 ಗಂಟೆಯೊಳಗೆ ಮಗುವಿನ ತೊಡೆಯ ಸ್ನಾಯುವಿಗೆ ಸೇರಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯೊಡನೆ ಮತ್ತೆ ಮೂರು ಸಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಇದು ಸುಲಭ; ಹಟ್ಟಿಯಲ್ಲಿ ಹೆರಿಗೆಯಾದಾಗ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟುವ ಹೊತ್ತಿಗೇ ಆ ಗಡುವು ಮೀರಿಹೋಗುವ ಸಂಭವವಿದೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಒಯ್ಯಬೇಕು. ಹಿರಿಯೂರಿನ ಬೇಸಗೆಯಲ್ಲಿ ಕಾವಿನ ಭಯವೇ ಎಲ್ಲರಿಗೂ ಮೊದಲು ತೋರುವುದಾದರೂ ಬಿ ಲಸಿಕೆಗೆ ಹೆಚ್ಚಿನ ಶತ್ರು ಹೆಪ್ಪುಗಟ್ಟಿಸುವ ಚಳಿ. ಮಂಜುಗಡ್ಡೆಯ ಪೊಟ್ಟಣಕ್ಕೆ ತಾಗಿ ಘನೀಭವಿಸಿದ ಸೀಸೆ ಮತ್ತೆ ಕರಗಿದರೂ ನಿಷ್ಪ್ರಯೋಜಕ. ಅದನ್ನು ಕಂಡುಹಿಡಿಯಲು ಆರೋಗ್ಯ ಸಹಾಯಕಿಯು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಸೀಸೆಯೊಂದನ್ನೂ ಸಂದೇಹದ ಸೀಸೆಯನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟು ನೋಡುತ್ತಾಳೆ: ಸಂದೇಹದ ಸೀಸೆಯಲ್ಲಿಯೂ ಗಷ್ಟು ಅಷ್ಟೇ ಬೇಗ ತಳಕ್ಕಿಳಿದರೆ ಅದನ್ನು ಬಳಸುವಂತಿಲ್ಲ, ಮೋಡದಂತೆ ಬಿಳುಪಾಗಿಯೇ ನಿಂತರೆ ಬಳಸಬಹುದು.

ಲಸಿಕೆಗೆ ದೇಹವು ಓಗೊಡುವುದರಲ್ಲಿಯೂ ವಂಶದ ಪಾಲುಂಟು. ಗ್ಯಾಂಬಿಯಾದ ಅವಳಿ ಶಿಶುಗಳಲ್ಲಿ ಬಿ ಲಸಿಕೆಯಿಂದುಂಟಾದ ಪ್ರತಿಕಾಯದ ಪ್ರಮಾಣದಲ್ಲಿನ ವ್ಯತ್ಯಾಸಕ್ಕೆ ಸುಮಾರು ಮುಕ್ಕಾಲು ಪಾಲು ವಂಶವಾಹಿಗಳೇ ಕಾರಣವೆಂದು 2004ರಲ್ಲಿ ಕಂಡುಬಂದಿತು; ಎಚ್‌ಎಲ್‌ಎಯ ಕೆಲವು ರೂಪಗಳುಳ್ಳವರಲ್ಲಿ ಪ್ರತಿಕಾಯ ಹುಟ್ಟುವುದೇ ಕಷ್ಟ. ಆದರೂ ನೂರಕ್ಕೆ 95ರಷ್ಟು ಶಿಶುಗಳಲ್ಲಿ ರಕ್ಷಣೆ ದೊರೆಯುತ್ತದೆ. ತಾಯಿ ಕಾರ್ಡಿನಲ್ಲಿ ಬಿ ಸೋಂಕಿನ ಪರೀಕ್ಷೆ ಧನಾತ್ಮಕವೆಂದು ಬಂದಿದ್ದರೆ ಕೂಸಿಗೆ ಲಸಿಕೆಯ ಜೊತೆಗೆ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ನನ್ನು ಮತ್ತೊಂದು ತೊಡೆಗೆ ಕೊಡಬೇಕು. ತಾಯಿಯ ರಕ್ತದಲ್ಲಿ ವೈರಾಣು ಅತಿಯಾಗಿದ್ದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಡುವುದುಂಟು. ಅಂಥ ಮಗುವಿನ ರಕ್ತವನ್ನು ಒಂಬತ್ತರಿಂದ ಹನ್ನೆರಡನೆಯ ತಿಂಗಳ ನಡುವೆ ಪರೀಕ್ಷಿಸಿ, ವೈರಾಣು ಇಲ್ಲದಿದ್ದು ಪ್ರತಿಕಾಯವು ಲೀಟರಿಗೆ 10 ಅಂತಾರಾಷ್ಟ್ರೀಯ ಮಾನಗಳನ್ನು ಮುಟ್ಟದಿದ್ದರೆ ಲಸಿಕೆಯನ್ನು ಮತ್ತೆ ಕೊಡುತ್ತಾರೆ. ಮೊದಲ ಸುತ್ತಿಗೆ ಓಗೊಡದ ಮಕ್ಕಳಲ್ಲಿಯೂ ಹೆಚ್ಚಿನವರು ಎರಡನೆಯ ಸುತ್ತಿಗೆ ಓಗೊಡುತ್ತಾರೆ.